ಮುಖವಾಡ ಕಳಚಿದ ಗಾಯಕಿ ಎಂಬ ಕಟ್ಟುಕಥೆ

ಕೊರಿಯಾದ ಪಾಪ್ ಗಾಯಕಿಯೊಬ್ಬಳು ಗುಂಪಿನಿಂದ ಹೊರಬಂದು ಒಬ್ಬಳೇ ಹಾಡತೊಡಗಿದಳು ಎಂದರೆ ಸಾಕು, ಬರೆಯುವವರ ಬಳಿ ಕಥೆ ಸಿದ್ಧವಾಗಿಯೇ ಇರುತ್ತದೆ. ಹದಿಹರೆಯದಲ್ಲೇ ಕಂಪನಿಯ ಕೈಗೆ ಸಿಕ್ಕ ಹುಡುಗಿ. ಬೆಳಗಿನಿಂದ ನಡುರಾತ್ರಿಯವರೆಗೆ ಕುಣಿತದ ತಾಲೀಮು. ಯಾರೋ ಹೊಲಿದ ಬಟ್ಟೆ, ಯಾರೋ ಬರೆದ ಹಾಡು, ಯಾರೋ ಹೇಳಿಕೊಟ್ಟ ನಗು. ಆಮೇಲೆ ಒಂದು ದಿನ ಒಪ್ಪಂದ ಮುಗಿಯುತ್ತದೆ, ಆಕೆ ಕೂದಲಿನ ಬಣ್ಣ ಬದಲಾಯಿಸುತ್ತಾಳೆ, ಹಾಡಿಗೆ ನಾಲ್ಕು ಸಾಲು ತಾನೇ ಬರೆಯುತ್ತಾಳೆ, ಮುಖವಾಡ ಕಳಚಿ ಬಿದ್ದು ಒಳಗಿದ್ದ ಅಸಲಿ ವ್ಯಕ್ತಿ ಹೊರಬರುತ್ತಾಳೆ. ರೋಸೆ, ಜೆನ್ನಿ, ಲೀಸಾ, ಸನ್ಮಿ ಎಂದು ಹೆಸರು ಬದಲಾಗುತ್ತಾ ಹೋಗುತ್ತದೆ, ಕಥೆ ಮಾತ್ರ ಅದೇ. ಅಭಿಮಾನಿಗಳೂ ಇದನ್ನೇ ಹೇಳುತ್ತಾರೆ, ಅಭಿಮಾನಿಗಳನ್ನು ಕಂಡರಾಗದ ಗಂಭೀರ ವಿಮರ್ಶಕರೂ ಇದನ್ನೇ ಹೇಳುತ್ತಾರೆ. ಬೇರಾವ ವಿಷಯದಲ್ಲೂ ಒಂದಾಗದ ಈ ಎರಡು ಪಂಗಡ ಇಲ್ಲಿ ಒಂದಾಗಿರುವುದೇ ಅನುಮಾನಕ್ಕೆ ಎಡೆಮಾಡಬೇಕಿತ್ತು.

ಆ ಉದ್ಯಮ ಎಳೆಯರನ್ನು ಹಿಂಡುತ್ತದೆ ಎಂಬುದರ ಬಗ್ಗೆ ನನ್ನ ತಕರಾರಿಲ್ಲ. 2009ರಲ್ಲಿ ಟಿವಿಎಕ್ಸ್‌ಕ್ಯೂ ಗುಂಪಿನ ಮೂವರು ತಮ್ಮ ಕಂಪನಿಯ ಮೇಲೆ ಕೋರ್ಟಿಗೆ ಹೋದಾಗ ಬಯಲಾದದ್ದು 13 ವರ್ಷದ ಒಪ್ಪಂದ. ಅದೇ ವರ್ಷ ಕೊರಿಯಾ ಸರ್ಕಾರ ಮಾದರಿ ಒಪ್ಪಂದವೊಂದನ್ನು ಹೊರಡಿಸಿ ಏಳು ವರ್ಷದ ಮಿತಿ ಹಾಕಬೇಕಾಯಿತು. ಇದೆಲ್ಲ ದಾಖಲಾದ ಸಂಗತಿ. ನನ್ನ ಜಗಳವಿರುವುದು ಇದರ ಮುಂದಿನ ಹೆಜ್ಜೆಯ ಜೊತೆಗೆ. ಗುಂಪಿನಲ್ಲಿದ್ದದ್ದೆಲ್ಲ ಹುಸಿ, ಸೋಲೊ ಆದದ್ದೆಲ್ಲ ಅಸಲಿ ಎಂಬ ತೀರ್ಮಾನವಿದೆಯಲ್ಲ, ಅದು ತಪ್ಪು. ತಪ್ಪಷ್ಟೇ ಆಗಿದ್ದರೆ ಬಿಡಬಹುದಿತ್ತು. ಯಾರನ್ನು ಬಯ್ಯಲು ಹೊರಟಿದೆಯೋ ಅದೇ ಕಂಪನಿಗಳಿಗೆ ಅದು ಪುಕ್ಕಟೆ ಪ್ರಚಾರ.

ಈ ಕಥೆಯನ್ನು ಪರೀಕ್ಷಿಸಬೇಕಾದರೆ ದುರ್ಬಲವಾದ ಉದಾಹರಣೆ ಹಿಡಿದು ಕೆಡವುವುದರಲ್ಲಿ ಅರ್ಥವಿಲ್ಲ. ಅತ್ಯಂತ ಗಟ್ಟಿಯಾದದ್ದನ್ನೇ ತೆಗೆದುಕೊಳ್ಳಬೇಕು. ಅದು ಲೀ ಹ್ಯೋರಿ. ಬ್ಲ್ಯಾಕ್‌ಪಿಂಕ್ ಗುಂಪಿನ ರೋಸೆ, ಜೆನ್ನಿ, ಲೀಸಾ ಹುಟ್ಟಿ ಒಂದೆರಡು ವರ್ಷವಾಗುವ ಹೊತ್ತಿಗೇ ಹ್ಯೋರಿ ವೇದಿಕೆ ಹತ್ತಿದ್ದರು. ಗುಂಪಿನ ಹುಡುಗಿ, ದೇಶದ ಮೋಹಕ ತಾರೆ, ಜಾಹೀರಾತಿನ ರಾಣಿ, ಜೇಜು ದ್ವೀಪದ ಹಳ್ಳಿಯ ಗೃಹಿಣಿ, ಸಾಹಿತ್ಯ-ಸಂಗೀತ ಎರಡನ್ನೂ ತಾನೇ ಮಾಡುವ ಕಲಾವಿದೆ ಹೀಗೆ ಇಪ್ಪತ್ತು ವರ್ಷದಲ್ಲಿ ಐದಾರು ಸಲ ಮರುಹುಟ್ಟು ಪಡೆದವರು. ‘ಕೃತಕದಿಂದ ಅಸಲಿಯ ಕಡೆಗೆ’ ಎಂಬ ಶೀರ್ಷಿಕೆಯಡಿ ಅವರ ಬಗ್ಗೆ ಎಷ್ಟು ಬರಹ ಬಂದಿವೆಯೋ ಲೆಕ್ಕವಿಲ್ಲ.

1998ರ ಮೇ ತಿಂಗಳಲ್ಲಿ ಡಿಎಸ್‌ಪಿ ಕಂಪನಿ ನಾಲ್ವರು ಹುಡುಗಿಯರ ಪಿಂಕ್ಲ್ ಗುಂಪನ್ನು ಕಟ್ಟಿ ಬಿಟ್ಟಿತು. ಎಸ್‌ಎಂ ಕಂಪನಿಯ ಎಸ್‌.ಇ.ಎಸ್‌. ಆಗಷ್ಟೇ ಗೆದ್ದಿತ್ತು, ಅದಕ್ಕೊಂದು ಜವಾಬು ಬೇಕಿತ್ತು. ಹ್ಯೋರಿ ಗುಂಪಿನ ನಾಯಕಿ, ಆದರೆ ಕಂಠದಲ್ಲಿ ಮುಂದಿದ್ದವರು ಓಕ್ ಜೂ-ಹ್ಯೂನ್. ಮುಗ್ಧ ಕನ್ಯೆಯರ ವೇಷ, ಗೆಳೆಯನಿಗೆ ನಾಚುತ್ತಾ ಹೇಳುವ ಮಾತಿನಂಥ ಹಾಡುಗಳು. ಸರಿ, ಇದು ಕಾರ್ಖಾನೆಯ ಮಾಲು, ಒಪ್ಪೋಣ.

2003ರ ಆಗಸ್ಟಿನಲ್ಲಿ ಮೊದಲ ಸೋಲೊ ಆಲ್ಬಮ್ ಬಂತು. ಅದರಲ್ಲಿದ್ದ ‘ಟೆನ್ ಮಿನಿಟ್ಸ್’ ಕೊರಿಯಾವನ್ನು ಹುಚ್ಚೆಬ್ಬಿಸಿತು. ಪತ್ರಿಕೆಗಳು ‘ಹ್ಯೋರಿ ಸಿಂಡ್ರೋಮ್’ ಎಂಬ ಹೆಸರನ್ನೇ ಇಟ್ಟವು. ದೊಗಳೆ ಕಾರ್ಗೊ ಪ್ಯಾಂಟು, ಹೊಟ್ಟೆ ಕಾಣುವ ಗಿಡ್ಡ ಅಂಗಿ, ಬೇರೆಯವಳ ಗಂಡಸನ್ನು ಹತ್ತು ನಿಮಿಷದಲ್ಲಿ ಒಲಿಸಿಕೊಳ್ಳುತ್ತೇನೆ ಎಂಬ ಸವಾಲು. ಹುಡುಗಿ ಹೆಂಗಸಾದಳು, ತನ್ನ ದೇಹದ ಯಜಮಾನಿಕೆ ತಾನೇ ವಹಿಸಿಕೊಂಡಳು ಎಂದು ಆಗಲೂ ಬರೆದರು, ಈಗಲೂ ಬರೆಯುತ್ತಾರೆ. ಹಾಡಿನ ಸಾಹಿತ್ಯ ಬರೆದವರು ಮೇಬಿ, ರಾಗ ಹಾಕಿದವರು ಕಿಮ್ ಡೊ-ಹ್ಯೂನ್. ಬಿಡುಗಡೆ ಮಾಡಿದ್ದು ಅದೇ ಡಿಎಸ್‌ಪಿ. ಮುಗ್ಧ ಕನ್ಯೆಯ ಬಟ್ಟೆ ತೊಡಿಸಿದ ಕೈಗಳೇ ಕಾರ್ಗೊ ಪ್ಯಾಂಟನ್ನೂ ತೊಡಿಸಿದ್ದವು. ಹಾಗೆಂದು ಆ ಹಾಡಿನಲ್ಲಿ ಹ್ಯೋರಿಯ ಪಾಲೇ ಇಲ್ಲ ಎನ್ನುತ್ತಿಲ್ಲ. ಆ ಸವಾಲನ್ನು ಕಣ್ಣಲ್ಲಿ ನಗು ಇಟ್ಟುಕೊಂಡು, ಎದುರಿಗಿರುವವನನ್ನೂ ತನ್ನನ್ನೂ ಒಟ್ಟಿಗೇ ಗೇಲಿ ಮಾಡುವಂತೆ ಎಸೆಯಬಲ್ಲವರು ಬೇರೆ ಇರಲಿಲ್ಲ. ಅದು ನಟನೆಯ ಕಸುಬು, ಅಭಿನಯದ ಗೆಲುವು. ಅದನ್ನು ‘ನಿಜ ಸ್ವರೂಪ’ ಎಂದು ಕರೆಯುವ ಹಟವೇಕೆ?

ಬರೆಯದೆ ಹಾಡಿದರೆ ಹಾಡು ನಿಮ್ಮದಲ್ಲ ಎಂಬ ಅಳತೆಗೋಲು ಪಾಶ್ಚಾತ್ಯ ರಾಕ್ ವಿಮರ್ಶೆಯಿಂದ ಎರವಲು ತಂದದ್ದು. ನಾವು ಕನ್ನಡಿಗರು ಅದನ್ನು ಎತ್ತಿಕೊಂಡು ಕೊರಿಯನ್ನರನ್ನು ಅಳೆಯುವುದಂತೂ ತಮಾಷೆಯ ಸಂಗತಿ. ಎಸ್. ಜಾನಕಿ ಹಾಡಿದ ಹಾಡಿಗೆ ಚಿ. ಉದಯಶಂಕರ್ ಮಾತು ಕೊಟ್ಟರು, ರಾಜನ್–ನಾಗೇಂದ್ರ ರಾಗ ಕೊಟ್ಟರು, ತೆರೆಯ ಮೇಲೆ ಇನ್ಯಾರೋ ತುಟಿ ಆಡಿಸಿದರು. ಅದು ಜಾನಕಿಯಮ್ಮನ ಹಾಡಲ್ಲ ಎಂದು ಹೇಳಿದವರನ್ನು ಯಾರಾದರೂ ಕಂಡಿದ್ದೀರಾ?

ಈ ಕಥೆಯ ಸೊಂಟ ಮುರಿಯುವ ವರ್ಷ 2010. ಅಷ್ಟರಲ್ಲಿ ಹ್ಯೋರಿ ಡಿಎಸ್‌ಪಿ ಬಿಟ್ಟಾಗಿತ್ತು. 2006ರ ಎರಡನೇ ಆಲ್ಬಮ್ಮಿನ ‘ಗೆಟ್ ಯಾ’ ಹಾಡು ಬ್ರಿಟ್ನಿ ಸ್ಪಿಯರ್ಸ್‌ಳ ಹಾಡನ್ನು ಹೋಲುತ್ತದೆ ಎಂಬ ಗದ್ದಲ ಎದ್ದು ಅಡಗಿತ್ತು. 2008ರ ‘ಯು-ಗೋ-ಗರ್ಲ್’ ಮತ್ತೆ ಮೇಲೆತ್ತಿತ್ತು. 2009ರಲ್ಲಿ ಹಳ್ಳಿಹಳ್ಳಿ ಸುತ್ತುವ ‘ಫ್ಯಾಮಿಲಿ ಔಟಿಂಗ್’ ಎಂಬ ಟೀವಿ ಕಾರ್ಯಕ್ರಮಕ್ಕಾಗಿ ನಿರೂಪಕ ಯೂ ಜೇ-ಸಕ್ ಜೊತೆ ಎಸ್‌ಬಿಎಸ್ ವಾಹಿನಿಯ ದೊಡ್ಡ ಪ್ರಶಸ್ತಿಯನ್ನೂ ಹಂಚಿಕೊಂಡಾಗಿತ್ತು. ಇನ್ನು ಯಾರ ಮಾತೂ ಕೇಳಬೇಕಾದ ದರ್ದು ಇರಲಿಲ್ಲ. 2010ರ ಏಪ್ರಿಲ್‌ನಲ್ಲಿ ಬಂದ ‘ಎಚ್-ಲಾಜಿಕ್’ ಆಲ್ಬಮ್ಮಿನ ನಿರ್ಮಾಣದ ಹೊಣೆಯನ್ನು ಆಕೆಯೇ ಹೊತ್ತರು. ಹಾಡು ಆರಿಸಿದ್ದು ಆಕೆ, ಮುದ್ರೆ ಒತ್ತಿದ್ದು ಆಕೆ. ಆವರೆಗಿನ ಸೋಲೊ ಬದುಕಿನಲ್ಲಿ ಆಕೆಯ ಹಿಡಿತ ಅತಿ ಬಿಗಿಯಾಗಿದ್ದ ಆಲ್ಬಮ್ ಅದು.

ಅದೇ ಆಲ್ಬಮ್ಮಿನ ಹೆಚ್ಚುಕಡಿಮೆ ಅರ್ಧ ಹಾಡುಗಳು ಕದ್ದ ಮಾಲು ಎಂದು ಗೊತ್ತಾಯಿತು. ಒಬ್ಬ ಸಂಯೋಜಕ ವಿದೇಶಿ ಗಾಯಕರ ಹಾಡುಗಳನ್ನು ತನ್ನವೆಂದು ಮಾರಿದ್ದ. ಮುಂದೆ ಅವನಿಗೆ ವಂಚನೆಗಾಗಿ ಒಂದೂವರೆ ವರ್ಷ ಜೈಲೂ ಆಯಿತು. ಕಾರ್ಖಾನೆಯಿಂದ ಹೊರಬಂದ ಸ್ವತಂತ್ರ ಕಲಾವಿದೆಯ ಕೈಯಲ್ಲೇ ಕಾರ್ಖಾನೆಯಲ್ಲೂ ನಡೆಯದಂಥ ಅನಾಹುತ. ಈಗ ನಮ್ಮ ಕಥೆಗಾರರು ಏನು ಹೇಳುತ್ತಾರೆ? ಹೇಳುವುದಿಲ್ಲ. ‘ಟೆನ್ ಮಿನಿಟ್ಸ್’ನಿಂದ ನೇರ ಜೇಜು ದ್ವೀಪಕ್ಕೆ ಹಾರುತ್ತಾರೆ. ನಡುವಿನ ಈ ವರ್ಷವನ್ನು ‘ಸಂಕಷ್ಟದ ದಿನಗಳು’ ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ.

ನನಗೆ ಹ್ಯೋರಿಯ ಬಾಳಿನಲ್ಲಿ ನಿಜವಾದ ತಿರುವು ಕಾಣುವುದೇ ಅಲ್ಲಿ. ಆ ವರ್ಷದ ಜೂನ್ 20ರಂದು ಆಕೆ ಅಭಿಮಾನಿಗಳಿಗೆ ತಾವೇ ಬರೆದು ತಿಳಿಸಿದರು: ಹಾಡುಗಳು ಆ ಸಂಯೋಜಕನವಲ್ಲ, ಅವನ ಮಾತನ್ನು ನಂಬಿದ್ದೆ, ಮೂಲದವರನ್ನು ಹುಡುಕಿ ಮಾಡಬೇಕಾದದ್ದನ್ನು ಮಾಡುತ್ತೇನೆ, ಪ್ರಚಾರ ನಿಲ್ಲಿಸುತ್ತೇನೆ. ಕೊರಿಯಾದ ಪಾಪ್ ಲೋಕದಲ್ಲಿ ಕೃತಿಚೌರ್ಯದ ಆರೋಪ ಬಂದಾಗ ನಡೆಯುವ ಪದ್ಧತಿಯೇ ಬೇರೆ. ಕಂಪನಿ ಹೇಳಿಕೆ ಕೊಡುತ್ತದೆ, ‘ಶೈಲಿಯ ಹೋಲಿಕೆ ಅಷ್ಟೇ’ ಎನ್ನುತ್ತದೆ, ಗಾಯಕಿ ಬಾಯಿ ಬಿಡುವುದಿಲ್ಲ. ಇಲ್ಲಿ ಮೋಸ ಹೋದವಳೂ ತಾನೇ ಎಂದು ಕೈ ತೊಳೆದುಕೊಳ್ಳುವ ಅವಕಾಶ ಕಣ್ಣೆದುರಿಗಿತ್ತು. ಆದರೂ ಆಲ್ಬಮ್ಮಿನ ಮೇಲೆ ಹೆಸರು ನನ್ನದು, ಹಾಗಾಗಿ ಉತ್ತರವೂ ನನ್ನದೇ ಎಂದು ಆಕೆ ನಿಂತರು. ಮೂರು ವರ್ಷ ಹೊಸ ಆಲ್ಬಮ್ ಬರಲಿಲ್ಲ. ಒಬ್ಬಂಟಿ ಕಲಾವಿದೆ ಎಂಬ ಮಾತಿಗೆ ಏನಾದರೂ ತೂಕವಿದ್ದರೆ ಅದು ಈ ಉತ್ತರದಾಯಿತ್ವದಲ್ಲಿದೆ. ಎಷ್ಟು ಸಾಲು ಬರೆದಳು, ಮುಖಕ್ಕೆ ಎಷ್ಟು ಬಣ್ಣ ಕಡಿಮೆ ಹಚ್ಚಿದಳು ಎಂಬುದು ಆಮೇಲಿನ ಮಾತು.

ಇನ್ನು ಜೇಜು. ಕಥೆಗಾರರ ತೀರ್ಥಕ್ಷೇತ್ರ. 2013ರ ಮೇನಲ್ಲಿ ‘ಮೊನೊಕ್ರೋಮ್’ ಆಲ್ಬಮ್, ಅದರಲ್ಲಿ ಆಕೆಯೇ ಬರೆದು ರಾಗ ಹಾಕಿದ ‘ಮಿಸ್ ಕೊರಿಯಾ’. ಸೆಪ್ಟೆಂಬರ್‌ನಲ್ಲಿ ಗಿಟಾರ್ ವಾದಕ ಲೀ ಸಾಂಗ್-ಸೂನ್ ಜೊತೆ ದ್ವೀಪದಲ್ಲೇ ಸರಳ ಮದುವೆ. ಸೋಗಿಲ್ ಎಂಬ ಹಳ್ಳಿಯಲ್ಲಿ ಮನೆ. ನಾಯಿ, ಬೆಕ್ಕು, ತೋಟದ ತರಕಾರಿ. ತಾರೆ ನೆಲಕ್ಕಿಳಿದಳು, ತನ್ನತನ ಕಂಡುಕೊಂಡಳು ಎಂದು ಎಲ್ಲರೂ ಕಣ್ಣೊರೆಸಿಕೊಂಡರು.

ಆಗ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ. 2017ರ ಬೇಸಿಗೆಯಲ್ಲಿ ಎರಡು ವಸ್ತುಗಳು ಬಹುತೇಕ ಒಟ್ಟಿಗೆ ಮಾರುಕಟ್ಟೆಗೆ ಬಂದವು. ಒಂದು, ಜುಲೈ 4ರಂದು ಬಂದ ‘ಬ್ಲ್ಯಾಕ್’ ಆಲ್ಬಮ್. ಹತ್ತು ಹಾಡುಗಳಲ್ಲಿ ಬಹುಪಾಲಿನ ಸಾಹಿತ್ಯ ಮತ್ತು ರಾಗದಲ್ಲಿ ಹ್ಯೋರಿಯ ಕೈಯಿದೆ, ಕಿಮ್ ಹ್ಯುಂಗ್-ಸೊಕ್ ಜೊತೆಗೂಡಿ ನಿರ್ಮಿಸಿದ್ದು. ‘ಅಸಲಿ ಕಲಾವಿದೆ’ಯನ್ನು ಹುಡುಕುವವರಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ. ಇನ್ನೊಂದು, ಅದಕ್ಕೆ ಒಂಬತ್ತು ದಿನ ಮೊದಲು ಜೆಟಿಬಿಸಿ ವಾಹಿನಿಯಲ್ಲಿ ಶುರುವಾದ ‘ಹ್ಯೋರೀಸ್ ಹೋಂಸ್ಟೇ’. ಅದೇ ಸೋಗಿಲ್ ಮನೆಗೆ ಅಪರಿಚಿತ ಅತಿಥಿಗಳು ಬಂದು ಉಳಿಯುತ್ತಾರೆ, ಹ್ಯೋರಿ ಬೆಳಿಗ್ಗೆ ಯೋಗ ಮಾಡುತ್ತಾರೆ, ಚಹಾ ಕಾಯಿಸುತ್ತಾರೆ, ಗಂಡನ ಜೊತೆ ತಮಾಷೆಯಾಡುತ್ತಾರೆ, ಗಾಯಕಿ ಐಯು ಮನೆಗೆಲಸಕ್ಕೆ ಬಂದ ಹುಡುಗಿಯಾಗಿ ಪಾತ್ರೆ ತೊಳೆಯುತ್ತಾಳೆ. ಆಲ್ಬಮ್ ತಕ್ಕಮಟ್ಟಿಗೆ ಹೋಯಿತು, ಅಷ್ಟೇ. ಕಾರ್ಯಕ್ರಮಕ್ಕೆ ದೇಶವೇ ಟೀವಿ ಮುಂದೆ ಕೂತಿತು. ಮರುವರ್ಷ ಎರಡನೇ ಸರಣಿಯೂ ಬಂತು.

ಅಂದರೆ ಆಕೆ ತಮ್ಮ ಮನಸ್ಸಿನಿಂದ ತೆಗೆದ ಹಾಡಿಗಿಂತ ಆಕೆಯ ‘ಸಹಜತೆ’ಯೇ ಬಿಕರಿಯಾಗುವ ಸರಕು ಎಂದು ಸಾಬೀತಾಯಿತು. ಸಹಜತೆಗೆ ಕ್ಯಾಮೆರಾ ಕೋನ ಬೇಕು, ಸಂಕಲನ ಬೇಕು, ಹಿನ್ನೆಲೆ ಸಂಗೀತ ಬೇಕು, ಬರುವ ಅತಿಥಿಗಳನ್ನು ಆರಿಸುವ ತಂಡ ಬೇಕು. ಪಿಂಕ್ಲ್ ಕಾಲದ ವೇಷಕ್ಕಿಂತ ಇದಕ್ಕೇ ಹೆಚ್ಚು ಜನರ ದುಡಿಮೆ ಹಿಡಿದಿರಬಹುದು. ಇದರ ಬೆಲೆಯೂ ಚಿಕ್ಕದಾಗಿರಲಿಲ್ಲ. ಜನ ಸೋಗಿಲ್ ಮನೆಯ ಬಾಗಿಲಿಗೇ ಬರತೊಡಗಿದರು, ಗೇಟು ಬಡಿದರು, ಇಣುಕಿದರು. ಕೊನೆಗೆ 2018ರಲ್ಲಿ ವಾಹಿನಿಯೇ ಆ ಮನೆಯನ್ನು ಕೊಂಡುಕೊಳ್ಳಬೇಕಾಯಿತು, ದಂಪತಿ ಬೇರೆಡೆಗೆ ಹೋದರು. ಮುಖವಾಡ ಕಳಚಿ ಕಾಣಿಸಿದ ‘ನಿಜ ಬದುಕ’ನ್ನು ಬದುಕಲು ಇದ್ದ ಮನೆ ಟೀವಿ ಕಂಪನಿಯ ಆಸ್ತಿಯಾಯಿತು. ಪಿಂಕ್ಲ್‌ಗೆ ಹೋಲಿಸಿದರೆ ಯಾವುದು ಹೆಚ್ಚಿನ ಒತ್ತೆ, ನೀವೇ ಹೇಳಿ. ಗುಂಪಿನಲ್ಲಿದ್ದಾಗ ಮಾರಾಟಕ್ಕಿದ್ದದ್ದು ಒಂದು ಪಾತ್ರ, ಪರದೆ ಬಿದ್ದ ಮೇಲೆ ಮನೆಗೆ ಹೋಗಬಹುದಿತ್ತು.

ಮುಖವಾಡವೇ ರಕ್ಷೆ ಎಂಬುದನ್ನು ಹ್ಯೋರಿ ಬಲ್ಲರು ಎಂದು ನನಗನ್ನಿಸುವುದು 2020ರ ಕೆಲಸ ನೋಡಿದಾಗ. ಆ ವರ್ಷ ಯೂ ಜೇ-ಸಕ್ ಮತ್ತು ಗಾಯಕ ರೇನ್ ಜೊತೆ ‘ಸ್ಸಾಕ್-ತ್ರೀ’ ಎಂಬ ಗುಂಪು ಕಟ್ಟಿದರು. ಅಲ್ಲಿ ಆಕೆಯ ಹೆಸರು ಲಿಂಡಾ-ಜಿ. ಅಮೆರಿಕದಿಂದ ಬಂದ, ದುಡ್ಡಿನ ಮದದ ಹೆಂಗಸಿನ ಪಾತ್ರ. ತೊಂಬತ್ತರ ದಶಕದ ಧಾಟಿಯ ಸಮುದ್ರದ ಹಾಡು ಆ ಬೇಸಿಗೆಯಲ್ಲಿ ಪಟ್ಟಿಗಳ ತುದಿಗೇರಿತು. ಅದು ಮುಗಿಯುತ್ತಲೇ ಉಮ್ ಜಂಗ್-ಹ್ವಾ, ಜೆಸ್ಸಿ, ಹ್ವಾಸಾ ಜೊತೆ ‘ರಿಫಂಡ್ ಸಿಸ್ಟರ್ಸ್’, ಅಲ್ಲಿ ಇನ್ನೊಂದು ಹೆಸರು, ಚನ್-ಓಕ್. ಅದೂ ಗೆದ್ದಿತು. ಅದಕ್ಕೂ ಮೊದಲು 2019ರಲ್ಲಿ ಹಳೆಯ ಪಿಂಕ್ಲ್ ಗೆಳತಿಯರೊಂದಿಗೆ ಊರೂರು ಸುತ್ತಿ ‘ಕ್ಯಾಂಪಿಂಗ್ ಕ್ಲಬ್’ ಮಾಡಿದ್ದರು. ‘ಬ್ಲ್ಯಾಕ್’ ಬಂದ ಮುಂದಿನ ವರ್ಷಗಳಲ್ಲಿ ಹ್ಯೋರಿಯ ಹಾಡುಗಳಲ್ಲಿ ಜನರ ಬಾಯಲ್ಲಿ ನಿಂತವು ಸುಳ್ಳು ಹೆಸರಿನಲ್ಲಿ, ಗುಂಪಿನೊಳಗೆ ಹಾಡಿದ ಹಾಡುಗಳು. ಸೋಲೊ ಎಂದರೆ ಗಮ್ಯ, ಗುಂಪು ಎಂದರೆ ಹೊರಟ ಜಾಗ ಎನ್ನುವವರು ಈ ವಾಪಸಾತಿಯನ್ನು ಎಲ್ಲಿಡುತ್ತಾರೆ? ‘ಮನರಂಜನೆ’ ಎಂಬ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ.

ಓಕ್ ಜೂ-ಹ್ಯೂನ್ ಕೂಡ ಈ ಕಪಾಟಿನಲ್ಲೇ ಇದ್ದಾರೆ. 2005ರಲ್ಲಿ ‘ಐಡಾ’ದಿಂದ ಶುರುಮಾಡಿ ‘ಎಲಿಜಬೆತ್’, ‘ರೆಬೆಕ್ಕಾ’ದ ಡ್ಯಾನ್ವರ್ಸ್ ಪಾತ್ರದವರೆಗೆ ಕೊರಿಯಾದ ಸಂಗೀತ ರಂಗಭೂಮಿಯ ಮುಂಚೂಣಿಯ ಹೆಸರಾದವರು. ಪಿಂಕ್ಲ್‌ನ ನಾಲ್ವರಲ್ಲಿ ಕಂಠಕ್ಕಾಗಿ ನೆನಪಿಡಬೇಕಾದ ಮರುಹುಟ್ಟು ಆಕೆಯದೇ. ಆದರೆ ಅವರ ಬಗ್ಗೆ ‘ತನ್ನತನ ಕಂಡುಕೊಂಡಳು’ ಎಂದು ಯಾರೂ ಬರೆಯಲಿಲ್ಲ. ಬೇರೆಯವರು ಬರೆದ ಪಾತ್ರ, ಬೇರೆಯವರು ಹಾಕಿದ ರಾಗ, ವಾರಕ್ಕೆ ಹಲವು ಪ್ರದರ್ಶನ, ಅದೇ ಪಾತ್ರಕ್ಕೆ ಸರದಿಯಲ್ಲಿ ಇನ್ನೊಬ್ಬ ನಟಿ. ಇದರಲ್ಲಿ ಬಿಡುಗಡೆಯ ಕಥೆ ಹೊಸೆಯಲು ಬರುವುದಿಲ್ಲವಲ್ಲ.

ಈಗಿನ ಬ್ಲ್ಯಾಕ್‌ಪಿಂಕ್ ವಿಷಯವನ್ನು ಹೆಚ್ಚು ಬೆಳೆಸುವ ಅಗತ್ಯವಿಲ್ಲ. ಜೆನ್ನಿ 2023ರ ಕೊನೆಗೆ ಸ್ವಂತ ಕಂಪನಿ ತೆರೆದಳು, ಲೀಸಾ 2024ರ ಆರಂಭದಲ್ಲಿ. ‘ಯಜಮಾನಿಯರಾದರು’ ಎಂದು ತಲೆಬರಹ ಬಂತು. ಹಾಡು ಹಂಚುವ ಕರಾರನ್ನು ಒಬ್ಬಳು ಕೊಲಂಬಿಯಾ ಜೊತೆ ಮಾಡಿಕೊಂಡಳು, ಇನ್ನೊಬ್ಬಳು ಆರ್‌ಸಿಎ ಜೊತೆ. ಎರಡೂ ಸೋನಿಯ ಅಂಗಳವೇ. ರೋಸೆ ಹೋಗಿ ಸೇರಿದ್ದು ಬ್ಲ್ಯಾಕ್‌ಪಿಂಕ್‌ಗೆ ಹಾಡು ಕಟ್ಟಿಕೊಡುತ್ತಿದ್ದ ಟೆಡ್ಡಿಯ ಬ್ಲ್ಯಾಕ್ ಲೇಬಲ್‌ಗೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಒಳ್ಳೆಯ ವ್ಯವಹಾರ. ವ್ಯವಹಾರವನ್ನು ಮೋಕ್ಷ ಎನ್ನಬಾರದು ಅಷ್ಟೇ.

ಬಿಟಿಎಸ್ ಗುಂಪಿನ ಏಳು ಹುಡುಗರು 2022ರ ಜೂನ್‌ನಲ್ಲಿ ಊಟದ ಮೇಜಿನ ಮುಂದೆ ಕೂತು, ಇನ್ನು ಸ್ವಲ್ಪ ಕಾಲ ಬೇರೆಬೇರೆಯಾಗಿ ಹಾಡುತ್ತೇವೆ ಎಂದು ಹೇಳಿದ ಮರುದಿನ ಅವರ ಕಂಪನಿ ಹೈಬ್‌ನ ಷೇರು ಸುಮಾರು ಕಾಲುಭಾಗ ಕುಸಿಯಿತು. ಹೂಡಿಕೆದಾರರೂ ಈ ಕಟ್ಟುಕಥೆಯನ್ನೇ ನಂಬಿದ್ದರು: ಒಬ್ಬೊಬ್ಬರಾದರು ಎಂದರೆ ಕಂಪನಿಯ ಕೈ ತಪ್ಪಿತು ಎಂದು. ಮುಂದಿನ ವರ್ಷ ಜಿಮಿನ್, ಜಂಗ್‌ಕುಕ್ ಇಬ್ಬರೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದರು, ಎರಡೂ ಸಲ ಅದೇ ಕಂಪನಿಯ ಹೆಸರಿನಲ್ಲಿ. ಜಂಗ್‌ಕುಕ್‌ನ ‘ಸೆವೆನ್’ ಇಂಗ್ಲಿಷ್ ಹಾಡು, ಕಟ್ಟಿದ್ದು ಪಶ್ಚಿಮದ ವೃತ್ತಿಪರ ಗೀತರಚನೆಕಾರರ ತಂಡ. ಒಂದು ಗುಂಪಿನ ಬದಲು ಏಳು ಅಂಗಡಿ ತೆರೆಯಬಹುದು ಎಂದು ಕಂಪನಿಗೆ ಗೊತ್ತಿತ್ತು. ಆ ಏಳೂ ಅಂಗಡಿಯ ಬೋರ್ಡಿನ ಮೇಲೆ ‘ಕೊನೆಗೂ ನಾನು ನಾನೇ’ ಎಂದು ಬರೆದುಕೊಡಲು ವಿಮರ್ಶಕರು ಸಾಲುಗಟ್ಟಿ ನಿಂತಿದ್ದರು.

ಸೋಲೊ ಆಗುವುದರಲ್ಲಿ ಏನೂ ಬದಲಾಗುವುದಿಲ್ಲವೇ ಹಾಗಾದರೆ ಎಂದು ಕೇಳಬಹುದು. ಬದಲಾಗುತ್ತದೆ. ಏಟಿಗೆ ಒಡ್ಡಿಕೊಳ್ಳುವುದು ಒಂದೇ ಹೆಸರು ಎಂದಾದ ಮೇಲೆ ಆ ಹೆಸರನ್ನು ಎಲ್ಲಿ ಬಳಸಬೇಕೆಂಬ ನಿರ್ಧಾರವೂ ಆಕೆಗೇ ಬರುತ್ತದೆ. 2009ರಲ್ಲಿ ಪ್ಯೊಂಗ್‌ಟೇಕ್‌ನ ಸ್ಸಾಂಗ್ಯೊಂಗ್ ಮೋಟಾರ್ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. 2013ರ ಕೊನೆಯಲ್ಲಿ ಕೋರ್ಟು ಅವರಿಗೆ 470 ಕೋಟಿ ವೊನ್ ನಷ್ಟ ತುಂಬಿಕೊಡುವಂತೆ ಹೇಳಿತು. ಒಬ್ಬ ಹೆಂಗಸು ಒಂದು ವಾರಪತ್ರಿಕೆಗೆ 47,000 ವೊನ್ ಕಳಿಸಿ, ಹೀಗೆ ಒಂದು ಲಕ್ಷ ಜನ ಕಳಿಸಿದರೆ ಆ ಮೊತ್ತ ಆಗುತ್ತದೆ ಎಂದು ಬರೆದರು. ಹಿಂದೆ ಸಂಬಳವನ್ನು ಹಳದಿ ಲಕೋಟೆಯಲ್ಲಿ ಕೊಡುತ್ತಿದ್ದ ನೆನಪಿಗೆ ಅದು ‘ಹಳದಿ ಲಕೋಟೆ’ ಚಳವಳಿಯಾಯಿತು. 2014ರ ಫೆಬ್ರುವರಿಯಲ್ಲಿ ಹ್ಯೋರಿ ಕೈಬರಹದ ಪತ್ರದ ಜೊತೆ ಸರಿಯಾಗಿ 47,000 ವೊನ್ ಕಳಿಸಿದರು. ಕೋಟಿ ಕೊಡಬಲ್ಲವರು ಕಾರ್ಮಿಕನ ಪಕ್ಕದ ಮನೆಯವರೂ ಕೊಡಬಹುದಾದಷ್ಟನ್ನೇ ಕೊಟ್ಟರು. ಅದಾದ ಮೇಲೆ ಹಣ ಹರಿದುಬಂತು. ಅದೇ ಹೆಸರಿನಿಂದ ಕರೆಯುವ ಕಾನೂನು, ಮುಷ್ಕರ ಹೂಡಿದವರ ಮೇಲೆ ಇಂಥ ನಷ್ಟದ ದಾವೆಗಳಿಗೆ ಮಿತಿ ಹಾಕುವಂಥದ್ದು, ಅಧ್ಯಕ್ಷರ ನಿರಾಕರಣೆಗಳನ್ನು ದಾಟಿ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಗುಂಪಿನ ಕಾಲದಲ್ಲಿ ಇಂಥ ಪತ್ರ ಕಂಪನಿಯ ಬಾಗಿಲು ದಾಟುತ್ತಿತ್ತೇ? ಕಷ್ಟ. ಆದರೆ ಈ ಪತ್ರದಲ್ಲಿ ‘ಅಸಲಿ ಹ್ಯೋರಿ’ಯನ್ನು ಹುಡುಕಿ ಫಲವಿಲ್ಲ. ಆಕೆ ಅಲ್ಲಿ ಮಾಡಿದ್ದು ಸಾವಿರಾರು ಜನರ ಸಾಲಿನಲ್ಲಿ ಒಬ್ಬಳಾಗಿ ನಿಲ್ಲುವ ಕೆಲಸ.

2023ರ ಜುಲೈನಲ್ಲಿ, ಹತ್ತಕ್ಕೂ ಹೆಚ್ಚು ವರ್ಷ ವಾಣಿಜ್ಯ ಜಾಹೀರಾತಿನಿಂದ ದೂರವಿದ್ದ ಆಕೆ ಮತ್ತೆ ಜಾಹೀರಾತು ಮಾಡಬೇಕೆನಿಸಿದೆ ಎಂದು ಇನ್‌ಸ್ಟಾಗ್ರಾಂನಲ್ಲಿ ಒಂದು ಸಾಲು ಬರೆದರು. ಕಂಪನಿಗಳು ಆ ಸಾಲಿನ ಕೆಳಗೇ ಬಂದು ಮುಗಿಬಿದ್ದವು. ಅಕ್ಟೋಬರ್ ಹೊತ್ತಿಗೆ ಒಂದು ಆನ್‌ಲೈನ್ ಅಂಗಡಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಜೇಜು ಭಕ್ತರಿಗೆ ಬೇಸರವಾಯಿತು. ತನ್ನತನ ಕಂಡುಕೊಂಡವಳು ಮತ್ತೆ ಮಾರಾಟಕ್ಕೆ ನಿಂತಳೇ ಎಂದರು. ಐದು ವರ್ಷ ಸೋಜು ಬಾಟಲಿ ಕುಲುಕುತ್ತಾ ಕುಣಿದವರೂ ಇವರೇ, ದನದ ಮಾಂಸದ ಪ್ರಚಾರ ಮಾಡಿ ಆಮೇಲೆ ಮಾಂಸವನ್ನೇ ಬಿಟ್ಟವರೂ ಇವರೇ ಎಂಬುದನ್ನು ಆ ಭಕ್ತರು ಮರೆತಿದ್ದರು. ಒಬ್ಬ ವ್ಯಕ್ತಿಗೆ ಒಂದು ಅಸಲಿ ರೂಪವಿದೆ, ಅದು ಸಿಕ್ಕಿತು, ಇನ್ನು ಅಲುಗಾಡಬಾರದು ಎಂದು ವಿಧಿಸುವುದು ಕಂಪನಿಯ ಒಪ್ಪಂದಕ್ಕಿಂತ ಕ್ರೂರ. ಒಪ್ಪಂದಕ್ಕಾದರೂ ಏಳು ವರ್ಷಕ್ಕೆ ಕೊನೆಯಿದೆ.

2024ರ ಫೆಬ್ರುವರಿಯಲ್ಲಿ ತಾವು ಓದಿದ ಕುಕ್‌ಮಿನ್ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹ್ಯೋರಿ ಹೋದರು. ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ ಸೇರಿಸಿ, ನಿಮ್ಮನ್ನು ನೀವೇ ನಂಬಿ ಎಂಬರ್ಥದ ಮಾತಾಡಿದರು. ಮರುದಿನ ಎಲ್ಲೆಡೆ ಓಡಾಡಿದ್ದು ಆ ಮಾತು, ‘ತನ್ನತನ’ದ ಪಂಥದವರಿಗೆ ಹೊಸ ಮಂತ್ರ. ಮಾತು ಮುಗಿಸಿ ಆಕೆ ಅಲ್ಲೇ ಮೈಕ್ ಹಿಡಿದು ಹಾಡಿದರು. ಆರಿಸಿಕೊಂಡದ್ದು ತಾವೇ ಕಟ್ಟಿದ ‘ಬ್ಲ್ಯಾಕ್’ನ ಹಾಡನ್ನಲ್ಲ, ‘ಮಿಸ್ ಕೊರಿಯಾ’ವನ್ನೂ ಅಲ್ಲ. ಹಾಡಿದ್ದು ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’, ಹೆಚ್ಚುಕಡಿಮೆ ಅರ್ಧ ಹಾಡುಗಳು ಕದ್ದವೆಂದು ತಾವೇ ಒಪ್ಪಿಕೊಂಡಿದ್ದ ಆ ‘ಎಚ್-ಲಾಜಿಕ್’ ಆಲ್ಬಮ್ಮಿನ ಕಳಂಕವಿಲ್ಲದ ಹಾಡು. ಗೌನು ತೊಟ್ಟ ಹುಡುಗ ಹುಡುಗಿಯರು ಜೊತೆಗೆ ಕೂಗಿದರು.